ಕೊಳ್ಳಲಾಗದವರು ಬೆಳೆಸಿದರು

ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡಕ್ಕೆ ಬ್ರಾಂಚ್ ರಿಕಿ ಅಧ್ಯಕ್ಷನಾಗಿ ಬಂದಿದ್ದು 1917ರಲ್ಲಿ. ಆಗ ತಂಡದ ಗಲ್ಲಾ ಖಾಲಿ. ಕಚೇರಿಗೆ ದೊಡ್ಡವರು ಬರುತ್ತಾರೆಂದರೆ ಆತ ತನ್ನ ಮನೆಯ ರತ್ನಗಂಬಳಿಯನ್ನೇ ತಂದು ನೆಲಕ್ಕೆ ಹಾಸಬೇಕಿತ್ತು. 1919ರ ವಸಂತದಲ್ಲಿ ಉಳಿದ ತಂಡಗಳು ತಾಲೀಮಿಗೆಂದು ದಕ್ಷಿಣದ ಬೆಚ್ಚನೆಯ ಊರುಗಳಿಗೆ ಹೊರಟವು. ಕಾರ್ಡಿನಲ್ಸ್ ಆಟಗಾರರು ಮಾತ್ರ ಪ್ರಯಾಣಕ್ಕೆ ದುಡ್ಡಿಲ್ಲದೆ ತಮ್ಮೂರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲೇ ಅಭ್ಯಾಸ ಮಾಡಿದರು.

ಅದೇ ತಂಡ 1926ರಿಂದ 1946ರೊಳಗೆ ಒಂಬತ್ತು ಸಲ ನ್ಯಾಷನಲ್ ಲೀಗ್ ಗೆದ್ದಿತು, ಆರು ಸಲ ವರ್ಲ್ಡ್ ಸೀರೀಸ್ ಗೆದ್ದಿತು. ತಂಡ ಕಟ್ಟುವ ರೀತಿಯೇ ಆ ಇಪ್ಪತ್ತು ವರ್ಷಗಳಲ್ಲಿ ಬದಲಾಯಿತು. ಇವತ್ತು ಮೇಜರ್ ಲೀಗಿನ 30 ತಂಡಗಳಲ್ಲಿ ಪ್ರತಿಯೊಂದರ ಕೆಳಗೂ ಟ್ರಿಪಲ್ ಎ, ಡಬಲ್ ಎ, ಹೈ ಎ, ಸಿಂಗಲ್ ಎ ಎಂದು ನಾಲ್ಕು ಹಂತದ ತಂಡಗಳಿವೆ. ಅದಕ್ಕೂ ಕೆಳಗೆ ಹೊಸಬರ ಶಿಬಿರಗಳಿವೆ. ಹುಡುಗನೊಬ್ಬ ಒಂದೊಂದೇ ಮೆಟ್ಟಿಲು ಹತ್ತಿ, ಮೇಲಿನ 26 ಜನರ ಪಟ್ಟಿಯಲ್ಲಿ ಜಾಗ ಗಿಟ್ಟಿಸಿಕೊಳ್ಳಬೇಕು. ಸ್ಥೂಲವಾಗಿ ಹತ್ತು ಜನರಲ್ಲಿ ಒಬ್ಬನಿಗಷ್ಟೇ ಅಲ್ಲಿ ಒಂದು ದಿನವಾದರೂ ಆಡುವ ಯೋಗ. ಫಾರ್ಮ್ ಸಿಸ್ಟಮ್ ಎಂದು ಕರೆಯುವ ಈ ಏರ್ಪಾಡಿನ ಮೇಲೆ ಬೇಸ್‌ಬಾಲ್ ಅಭಿಮಾನಿಗೆ ಇರುವ ಮೋಹ ದೊಡ್ಡದು. ತನ್ನ ತಂಡ ಸೋತ ರಾತ್ರಿಯೂ ಆತ ದೂರದ ಯಾವುದೋ ಊರಿನಲ್ಲಿ ಡಬಲ್ ಎ ಹುಡುಗ ಎಷ್ಟು ಹಿಟ್ ಹೊಡೆದ ಎಂದು ಹುಡುಕಿ ನೋಡುತ್ತಾನೆ. ಇನ್ನು ಮೂರು ವರ್ಷಕ್ಕೆ ಬರಲಿರುವ ತಂಡ ಅವನ ಕಣ್ಣ ಮುಂದೆ ಆಗಲೇ ಆಡುತ್ತಿರುತ್ತದೆ.

ರಿಕಿ ಓಹಿಯೋ ಸೀಮೆಯವನು, ಕಟ್ಟಾ ದೈವಭಕ್ತ. ಭಾನುವಾರ ಆಡುತ್ತಿರಲಿಲ್ಲ. ಆಟಗಾರನಾಗಿ ಹೇಳಿಕೊಳ್ಳುವಂಥವನಲ್ಲ. 1907ರಲ್ಲಿ ಆತ ಕ್ಯಾಚರ್ ಆಗಿ ನಿಂತಿದ್ದ ಒಂದೇ ಪಂದ್ಯದಲ್ಲಿ ಎದುರಾಳಿಗಳು 13 ಬೇಸ್ ಕದ್ದರು. ಆದರೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತ ಅಲ್ಲಿನ ವಿದ್ಯಾರ್ಥಿ ತಂಡವನ್ನು ಪಳಗಿಸಿದ ಅನುಭವ ಅವನ ಬಳಿ ಇತ್ತು. ಮುಂದೆ ಮಹಾನ್ ಬ್ಯಾಟರ್ ಆದ ಜಾರ್ಜ್ ಸಿಸ್ಲರ್ ಆತನ ಕಣ್ಣಿಗೆ ಬಿದ್ದಿದ್ದು ಅಲ್ಲೇ.

ಆ ಕಾಲದಲ್ಲಿ ಸಣ್ಣ ಲೀಗುಗಳ ತಂಡಗಳು ಸ್ವತಂತ್ರವಾಗಿದ್ದವು. ತಾವೇ ಹುಡುಗರನ್ನು ಹುಡುಕಿ, ತಿದ್ದಿ, ದೊಡ್ಡ ತಂಡಗಳಿಗೆ ಮಾರಿ ಬದುಕುತ್ತಿದ್ದವು. ರಿಕಿಯ ಸ್ಕೌಟ್ ಚಾರ್ಲಿ ಬ್ಯಾರೆಟ್ ಊರೂರು ಅಲೆದು ಒಬ್ಬ ಒಳ್ಳೆಯ ಹುಡುಗನನ್ನು ಗುರುತಿಸಿ ಬೆಲೆ ಕೇಳಿದರೆ, ಆ ತಂಡದ ಯಜಮಾನ ಕೂಡಲೇ ನ್ಯೂಯಾರ್ಕಿನಂಥ ಶ್ರೀಮಂತ ತಂಡಕ್ಕೆ ಸುದ್ದಿ ಮುಟ್ಟಿಸುತ್ತಿದ್ದ. ಕಾರ್ಡಿನಲ್ಸ್ ಕೇಳಿದ್ದಾರೆಂದರೆ ಹುಡುಗನಲ್ಲಿ ಸರಕಿದೆ ಎಂದೇ ಲೆಕ್ಕ. ಹೆಚ್ಚು ಬೆಲೆ ಕೊಟ್ಟವರು ಅವನನ್ನು ಒಯ್ಯುತ್ತಿದ್ದರು. ಹುಡುಕುವ ಶ್ರಮ ಬಡವರದು, ಫಲ ಸಿರಿವಂತರದು.

ಇದಕ್ಕೆ ರಿಕಿ ಕಂಡುಕೊಂಡ ದಾರಿ ನೇರವಾಗಿತ್ತು. ಆಟಗಾರನನ್ನು ಕೊಳ್ಳಲಾಗದಿದ್ದರೆ ಆಟಗಾರ ಬೆಳೆಯುವ ತಂಡವನ್ನೇ ಕೊಳ್ಳುವುದು. ಅರ್ಕನ್ಸಾದ ಫೋರ್ಟ್ ಸ್ಮಿತ್, ಟೆಕ್ಸಾಸಿನ ಹ್ಯೂಸ್ಟನ್, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ತಂಡಗಳಲ್ಲಿ ಕಾರ್ಡಿನಲ್ಸ್ ಪಾಲು ಹಿಡಿಯಿತು. ಬಂಡವಾಳ ಹುಟ್ಟಿದ್ದು ಹಳೆಯ ಮೈದಾನದಿಂದ. 1920ರಲ್ಲಿ ತಂಡದ ಹೊಸ ಯಜಮಾನ ಸ್ಯಾಮ್ ಬ್ರೆಡನ್ ಕಾರ್ಡಿನಲ್ಸ್ ಆಡುತ್ತಿದ್ದ ಮರದ ಸ್ಟೇಡಿಯಮ್ಮಿನ ಜಾಗವನ್ನು ಶಾಲೆಗೂ ಟ್ರಾಮ್ ಕಂಪನಿಗೂ ಒಟ್ಟು 2,75,000 ಡಾಲರಿಗೆ ಮಾರಿದ. ಅದೇ ಊರಿನ ಬ್ರೌನ್ಸ್ ತಂಡದ ಮೈದಾನದಲ್ಲಿ ಬಾಡಿಗೆಗೆ ಕೂತ. ಆಸ್ತಿ ಮಾರಿ ಬಾಡಿಗೆ ಮನೆಗೆ ಹೋಗಿ, ಆ ಹಣವನ್ನು ಮೀಸೆ ಮೂಡದ ಹುಡುಗರ ಮೇಲೆ ಹಾಕುವುದಕ್ಕೆ ಗುಂಡಿಗೆ ಬೇಕು. ಎಲ್ಲರೂ ರಿಕಿಯನ್ನು ನೆನೆಯುತ್ತಾರೆ, ಬ್ರೆಡನ್‌ಗೂ ಆ ಮಾನ ಸಲ್ಲಬೇಕು.

ಫಲ ಕಾಣಲು ತಡವಾಗಲಿಲ್ಲ. ಇಲಿನಾಯ್ ರಾಜ್ಯದ ಕಲ್ಲಿದ್ದಲ ಊರಿನಿಂದ ಬಂದ ಜಿಮ್ ಬಾಟಮ್ಲಿ ಹ್ಯೂಸ್ಟನ್, ಸಿರಕ್ಯೂಸ್ ದಾಟಿ ಮೇಲೆ ಬಂದು, 1924ರ ಒಂದೇ ಪಂದ್ಯದಲ್ಲಿ 12 ರನ್ ಬರುವಂತೆ ಹೊಡೆದ. 1926ರಲ್ಲಿ ಕಾರ್ಡಿನಲ್ಸ್ ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸಿ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು. ಮೂವತ್ತರ ದಶಕದ ಮಹಾ ಕುಸಿತದಲ್ಲಿ ಸಣ್ಣ ತಂಡಗಳು ಬಾಗಿಲು ಹಾಕುತ್ತಿದ್ದಾಗ ರಿಕಿ ಅವುಗಳನ್ನು ಒಂದೊಂದಾಗಿ ತನ್ನ ತೆಕ್ಕೆಗೆ ತಂದುಕೊಂಡ. 1940ರ ಹೊತ್ತಿಗೆ ಕಾರ್ಡಿನಲ್ಸ್ ಹಿಡಿತದಲ್ಲಿ 32 ತಂಡಗಳು, 600ಕ್ಕೂ ಹೆಚ್ಚು ಆಟಗಾರರು. ಊರೂರಲ್ಲಿ ಬಹಿರಂಗ ಆಯ್ಕೆ ಶಿಬಿರ ನಡೆಯುತ್ತಿತ್ತು. ಯಾರು ಬೇಕಾದರೂ ಬರಬಹುದು. ರಿಕಿ ಮೊದಲು ನೋಡುತ್ತಿದ್ದುದು ಓಟ, ತೋಳಿನ ಬಲ. ಉಳಿದದ್ದನ್ನು ಕಲಿಸಬಹುದೆಂದು ಆತ ನಂಬಿದ್ದ.

ಈ ಏರ್ಪಾಡಿನ ನಿಜವಾದ ಶಕ್ತಿ ತಿಳಿಯಬೇಕಾದರೆ ಸ್ಟಾನ್ ಮ್ಯೂಸಿಯಲ್‌ನ ಕಥೆ ನೋಡಬೇಕು. ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕಾರ್ಖಾನೆ ಊರಿನ ಪೋಲಿಷ್ ವಲಸಿಗನ ಮಗ. ಎಡಗೈ ಪಿಚರ್ ಆಗಿ ಸಹಿ ಹಾಕಿ, 1938ರಿಂದ ಅತಿ ಕೆಳಗಿನ ಹಂತದಲ್ಲಿ ಆಡಿದ. 1940ರಲ್ಲಿ ಡೇಟೋನಾ ಬೀಚಿನಲ್ಲಿ 18 ಪಂದ್ಯ ಗೆದ್ದ. ಪಿಚ್ ಮಾಡದ ದಿನಗಳಲ್ಲಿ ಔಟ್‌ಫೀಲ್ಡಿನಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿ ಒಂದು ಕ್ಯಾಚಿಗೆ ಹಾರಿ ಬಿದ್ದು ಎಡಭುಜ ಜಖಂ ಆಯಿತು. ಎಸೆಯುವ ಕೈ ಹೋಯಿತು. ಮರುವರ್ಷದ ಶಿಬಿರದಲ್ಲಿ ಆತನನ್ನು ಯಾರೂ ತಮ್ಮ ತಂಡಕ್ಕೆ ಕೇಳಲಿಲ್ಲ. ಕೊನೆಗೆ ಸ್ಪ್ರಿಂಗ್‌ಫೀಲ್ಡ್ ತಂಡದ ಮ್ಯಾನೇಜರ್ ಆಲಿ ವಾನೆಕ್, ಹುಡುಗ ಬ್ಯಾಟ್ ಬೀಸುವುದನ್ನು ನೋಡಿ ಬ್ಯಾಟರ್ ಆಗಿ ಕರೆದುಕೊಂಡ. 87 ಪಂದ್ಯಗಳಲ್ಲಿ 26 ಹೋಮ್ ರನ್. ಅಲ್ಲಿಂದ ರಾಚೆಸ್ಟರ್, ಅದೇ ಸೆಪ್ಟೆಂಬರಿಗೆ ಸೇಂಟ್ ಲೂಯಿಸ್. ಮುಂದೆ 3,630 ಹಿಟ್‌ಗಳು.

ಸಿದ್ಧ ಆಟಗಾರರನ್ನು ಕೊಳ್ಳುವ ತಂಡವೊಂದಕ್ಕೆ ಕೈ ಕೆಟ್ಟ ಪಿಚರ್‌ನಿಂದ ಏನೂ ಆಗಬೇಕಿಲ್ಲ. ಹಲವು ತಂಡಗಳು, ಹಲವು ಮ್ಯಾನೇಜರುಗಳು ಇರುವ ಕಡೆ ಒಬ್ಬ ಬೇಡವೆಂದವನನ್ನು ಇನ್ನೊಬ್ಬ ಬೇಕೆನ್ನಬಹುದು. ಬೆಳೆಸುವುದೆಂದರೆ ಇನ್ನೊಂದು ಅವಕಾಶಕ್ಕೆ ಜಾಗ ಇಟ್ಟುಕೊಳ್ಳುವುದು. ರಿಕಿಯ ಲೆಕ್ಕಾಚಾರಕ್ಕಿಂತ ಇದೇ ದೊಡ್ಡದು. 1942ರಲ್ಲಿ ಬಹುತೇಕ ತನ್ನದೇ ಹುಡುಗರಿದ್ದ ಕಾರ್ಡಿನಲ್ಸ್ ತಂಡ ಕೊನೆಯ 51 ಪಂದ್ಯಗಳಲ್ಲಿ 43 ಗೆದ್ದು, ಒಟ್ಟು 106 ಗೆಲುವಿನೊಂದಿಗೆ ಹೋಗಿ ಯಾಂಕೀಸನ್ನು ಐದೇ ಪಂದ್ಯಗಳಲ್ಲಿ ಮುಗಿಸಿತು.

ಆದರೆ ಬೆಳೆಸುವುದರ ಜೊತೆಗೆ ಕಟ್ಟಿಹಾಕುವುದೂ ಮೊದಲ ದಿನದಿಂದಲೇ ಇತ್ತು. ಆಗಿನ ಕರಾರಿನ ಪ್ರಕಾರ ಒಮ್ಮೆ ಸಹಿ ಹಾಕಿದವನು ತಂಡ ಬಿಡುಗಡೆ ಮಾಡುವವರೆಗೆ ಬೇರೆಲ್ಲಿಯೂ ಆಡುವಂತಿಲ್ಲ. ಮೇಲೆ ಜಾಗವಿಲ್ಲದಿದ್ದರೂ ಕೆಳಗೇ ಕಾಯಬೇಕು. ಹೆಚ್ಚುವರಿ ಆಟಗಾರರನ್ನು ಮಾರಿದಾಗ ಬರುವ ಹಣದಲ್ಲಿ ರಿಕಿಗೆ ಪಾಲಿತ್ತು. ಒಂದು ವರ್ಷ ತಡವಾಗಿ ಮಾರುವುದಕ್ಕಿಂತ ಒಂದು ವರ್ಷ ಮೊದಲೇ ಮಾರುವುದು ಮೇಲೆಂಬುದು ಆತನ ಪ್ರಸಿದ್ಧ ನೀತಿ. 1934ರಲ್ಲಿ 30 ಪಂದ್ಯ ಗೆದ್ದು ತಂಡವನ್ನು ಚಾಂಪಿಯನ್ ಮಾಡಿದ ಪಿಚರ್ ಡಿಜಿ ಡೀನ್‌ನನ್ನು, ತೋಳು ಕೆಟ್ಟ ಮೇಲೆ, 1938ರಲ್ಲಿ ಶಿಕಾಗೋ ಕಬ್ಸ್‌ಗೆ 1,85,000 ಡಾಲರ್ ಮತ್ತು ಮೂವರು ಆಟಗಾರರಿಗೆ ಬದಲಾಗಿ ಕೊಡಲಾಯಿತು.

ಹುಡುಗರನ್ನು ಹೀಗೆ ಕಟ್ಟಿಹಾಕುವುದನ್ನು ಕಟುವಾಗಿ ವಿರೋಧಿಸಿದವನು ಬೇಸ್‌ಬಾಲ್ ಕಮಿಷನರ್ ಕೆನ್‌ಸಾ ಮೌಂಟನ್ ಲ್ಯಾಂಡಿಸ್. ಒಂದೇ ಲೀಗಿನ ಒಂದಕ್ಕಿಂತ ಹೆಚ್ಚು ತಂಡಗಳ ಜೊತೆ ಕಾರ್ಡಿನಲ್ಸ್ ಒಳಸಂಬಂಧ ಇಟ್ಟುಕೊಂಡಿದ್ದನ್ನು ಪತ್ತೆಹಚ್ಚಿ, 1938ರಲ್ಲಿ 70ಕ್ಕೂ ಹೆಚ್ಚು ಹುಡುಗರನ್ನು ಬಿಡುಗಡೆ ಮಾಡಿದ. ಅವರಲ್ಲೊಬ್ಬ ಸೇಂಟ್ ಲೂಯಿಸ್ ಊರಿನವನೇ ಆದ ಪೀಟ್ ರೈಸರ್. ಮೂರೇ ವರ್ಷದಲ್ಲಿ ಆತ ಬ್ರೂಕ್ಲಿನ್ ಡಾಡ್ಜರ್ಸ್ ಪರ ಲೀಗಿನ ಅಗ್ರ ಬ್ಯಾಟರ್ ಆದ. ಲ್ಯಾಂಡಿಸ್ ಕಾಲದಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ತೆರೆಯಲಿಲ್ಲ, ಆ ಕಳಂಕ ಅಳಿಸಲಾಗದ್ದು. ಆದರೂ ಈ ಒಂದು ವಿಚಾರದಲ್ಲಿ ಆತ ಹುಡುಗರ ಪರ ನಿಂತಿದ್ದ ಎಂಬುದನ್ನು ಒಪ್ಪಬೇಕು.

ಅಷ್ಟರಲ್ಲಿ ಸಿರಿವಂತರೂ ಪಾಠ ಕಲಿತಿದ್ದರು. ಯಾಂಕೀಸ್ ಮಾಲೀಕ ಜೇಕಬ್ ರೂಪರ್ಟ್ 1931ರಲ್ಲಿ ನ್ಯೂವರ್ಕ್ ಬೇರ್ಸ್ ತಂಡವನ್ನು ಕೊಂಡು ಜಾರ್ಜ್ ವೈಸ್‌ಗೆ ಒಪ್ಪಿಸಿದ. 1937ರಲ್ಲಿ ಆ ಕೆಳಹಂತದ ತಂಡ 109 ಪಂದ್ಯ ಗೆದ್ದಿತು. ಬಡವರ ಉಪಾಯ ಹಣವಂತರ ಕೈಗೆ ಹೋದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1942ರ ಕೊನೆಗೆ ರಿಕಿ ಬ್ರೂಕ್ಲಿನ್‌ಗೆ ಹೋದ. 1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಡಾಡ್ಜರ್ಸ್ ಪರ ಕಣಕ್ಕಿಳಿದು ಬಣ್ಣದ ಬೇಲಿ ಮುರಿದ ಕಥೆ ಜಗತ್ತಿಗೇ ಗೊತ್ತು. ತಂಡ ಕಟ್ಟುವವರ ಕಣ್ಣಿನಿಂದ ನೋಡಿದರೆ ಎರಡು ಸಂಗತಿ ಕಾಣುತ್ತವೆ. ರಾಬಿನ್ಸನ್‌ನನ್ನು ನೇರವಾಗಿ ಮೇಲೆ ತರದೆ, ಒಂದು ಪೂರ್ಣ ವರ್ಷ ಮಾಂಟ್ರಿಯಲ್ ರಾಯಲ್ಸ್ ಎಂಬ ತನ್ನ ಫಾರ್ಮ್ ತಂಡದಲ್ಲಿ ಆಡಿಸಿದ. ಇನ್ನೊಂದು, ರಾಬಿನ್ಸನ್ ಅದಕ್ಕೂ ಮೊದಲು ಆಡುತ್ತಿದ್ದ ನೀಗ್ರೋ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ತನ್ನ ಸ್ಕೌಟ್ ಪತ್ತೆಹಚ್ಚಿದವರನ್ನು ಶ್ರೀಮಂತ ತಂಡಗಳು ಹಾರಿಸಿಕೊಂಡು ಹೋಗುವಾಗ ಉರಿದವನು, ಈಗ ಇನ್ನೊಬ್ಬರ ಅಂಗಳದಿಂದ ಹಾಗೆಯೇ ಕರೆದೊಯ್ದ. ರಾಬಿನ್ಸನ್ ಪ್ರಕರಣದ ಹಿರಿಮೆ ಇದರಿಂದ ಕುಗ್ಗದು. ಆದರೆ ಮೊನಾರ್ಕ್ಸ್‌ಗೆ ಆದ ನಷ್ಟ ನಷ್ಟವೇ.

1948ರಿಂದ ಫ್ಲಾರಿಡಾದ ವೀರೋ ಬೀಚಿನಲ್ಲಿ, ನೌಕಾಪಡೆ ಬಿಟ್ಟುಹೋದ ಜಾಗದಲ್ಲಿ, ಡಾಡ್ಜರ್ಸ್‌ನ ನೂರಾರು ಹುಡುಗರಿಗೆ ಒಂದೇ ಕಡೆ ಪಾಠ ಶುರುವಾಯಿತು. ಕಂಬಗಳ ನಡುವೆ ದಾರ ಕಟ್ಟಿ ಸ್ಟ್ರೈಕ್ ಝೋನ್ ಗುರುತಿಸಿ ಪಿಚರುಗಳಿಗೆ ಗುರಿ ಕಲಿಸುತ್ತಿದ್ದರು. ಬೇಸಿನತ್ತ ಜಾರುವುದನ್ನು ಕಲಿಸಲು ಬೇರೆ ಗುಂಡಿ. ಆಲನ್ ರಾತ್ ಎಂಬ ಅಂಕಿಅಂಶ ತಜ್ಞನನ್ನು ರಿಕಿ 1947ರಲ್ಲೇ ಕೆಲಸಕ್ಕೆ ಇಟ್ಟುಕೊಂಡಿದ್ದ. 2003ರಲ್ಲಿ ಮನಿಬಾಲ್ ಪುಸ್ತಕ ಓಕ್‌ಲ್ಯಾಂಡ್ ತಂಡದ ಲೆಕ್ಕಾಚಾರವನ್ನು ಮನೆಮಾತು ಮಾಡುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತಿದು.

ಇಷ್ಟೆಲ್ಲ ಬೆಳೆಸಿದವರೂ ಬಚ್ಚಿಡಲು ಹೋಗಿ ಕಳೆದುಕೊಂಡದ್ದುಂಟು. ಪೋರ್ಟೊ ರಿಕೋದ ರಾಬರ್ಟೋ ಕ್ಲೆಮೆಂಟೆಗೆ ಡಾಡ್ಜರ್ಸ್ 1954ರಲ್ಲಿ 10,000 ಡಾಲರ್ ಬೋನಸ್ ಕೊಟ್ಟು ಮಾಂಟ್ರಿಯಲ್‌ಗೆ ಕಳಿಸಿತು. ಅಷ್ಟು ಬೋನಸ್ ಪಡೆದವನನ್ನು ಮೇಲಿನ ತಂಡದಲ್ಲಿ ಇಟ್ಟುಕೊಳ್ಳದಿದ್ದರೆ ವರ್ಷದ ಕೊನೆಗೆ ಬೇರೆ ತಂಡ ಆಯ್ದುಕೊಳ್ಳಬಹುದೆಂಬ ನಿಯಮವಿತ್ತು. ಅಷ್ಟೊತ್ತಿಗೆ ರಿಕಿ ಕಡೆಯ ಸ್ಥಾನದಲ್ಲಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದ. ಆತನ ಸ್ಕೌಟ್ ಕ್ಲೈಡ್ ಸೂಕ್‌ಫೋರ್ತ್ ಬೇರೊಬ್ಬ ಪಿಚರ್‌ನನ್ನು ನೋಡಲು ಹೋಗಿ, ಅಭ್ಯಾಸದಲ್ಲಿ ಈ ಹುಡುಗ ಎಸೆಯುವ ವೇಗ ನೋಡಿ ಅಲ್ಲೇ ನಿಂತ. 4,000 ಡಾಲರಿಗೆ ಕ್ಲೆಮೆಂಟೆ ಪೈರೇಟ್ಸ್ ಪಾಲಾದ. 1960 ಮತ್ತು 1971ರಲ್ಲಿ ತಂಡ ಚಾಂಪಿಯನ್ ಆಯಿತು, ಆತನ ಹೆಸರಿಗೆ ಸರಿಯಾಗಿ 3,000 ಹಿಟ್.

1965ರಲ್ಲಿ ಡ್ರಾಫ್ಟ್ ಬಂದು ತಂಡಗಳು ಸರದಿಯಂತೆ ಹುಡುಗರನ್ನು ಆಯ್ದುಕೊಳ್ಳತೊಡಗಿದವು. ಹಣದ ಪೈಪೋಟಿ ಇಳಿಯಿತು. 1969ರಲ್ಲಿ ಹುಟ್ಟಿದ ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡದ ಮಾಲೀಕ, ಔಷಧ ಉದ್ಯಮಿ ಯೂಯಿಂಗ್ ಕಾಫ್‌ಮನ್, ಡ್ರಾಫ್ಟ್ ಕೈಬಿಟ್ಟ ಹುಡುಗರಲ್ಲೂ ಆಟಗಾರರಿರಬಹುದಲ್ಲ ಎಂದು ಕೇಳಿದ. 1970ರಲ್ಲಿ ಫ್ಲಾರಿಡಾದ ಸಾರಸೋಟಾದಲ್ಲಿ ಅಕಾಡೆಮಿ ತೆರೆದ. ಬೇಸ್‌ಬಾಲ್ ಅನುಭವ ಇರಲೇಬೇಕೆಂದಿಲ್ಲ, ಓಟ ಬೇಕು, ದೃಷ್ಟಿ ಚುರುಕಿರಬೇಕು. 7,000ಕ್ಕೂ ಹೆಚ್ಚು ಹುಡುಗರನ್ನು ಪರೀಕ್ಷಿಸಿ ಬೆರಳೆಣಿಕೆಯಷ್ಟು ಜನರನ್ನು ಆರಿಸಿದರು. ಆಟದ ಜೊತೆಗೆ ಕಾಲೇಜು ಪಾಠವೂ ನಡೆಯಿತು. ಯಾರೂ ಕೇಳದ ಈ ಹುಡುಗರ ತಂಡ 1971ರಲ್ಲಿ ಗಲ್ಫ್ ಕೋಸ್ಟ್ ಲೀಗನ್ನು 40 ಗೆಲುವು, 13 ಸೋಲಿನೊಂದಿಗೆ ಗೆದ್ದುಬಿಟ್ಟಿತು. ಅವರಲ್ಲೊಬ್ಬನಾದ ಫ್ರಾಂಕ್ ವೈಟ್ ಓದಿದ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ರಾಯಲ್ಸ್ ಸ್ಟೇಡಿಯಂ ಕಟ್ಟುವಾಗ ಅಲ್ಲಿ ಕೂಲಿ ಮಾಡಿದವನು, ಅದೇ ಮೈದಾನದಲ್ಲಿ ಎಂಟು ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದ. ಖರ್ಚು ಹೆಚ್ಚೆಂದು, ತಂಡದೊಳಗಿನ ಹಳಬರಿಗೆ ಹಿಡಿಸಲಿಲ್ಲವೆಂದು 1974ರಲ್ಲಿ ಅಕಾಡೆಮಿ ಮುಚ್ಚಿತು. ಬೇಸ್‌ಬಾಲ್ ಇತಿಹಾಸದಲ್ಲಿ ಇಷ್ಟು ಒಳ್ಳೆಯ ಪ್ರಯೋಗ ಇಷ್ಟು ಬೇಗ ನಿಂತದ್ದು ಬೇರೊಂದಿಲ್ಲ.

ಈಚಿನ ಕಾಲದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಇನ್ನೊಂದು ದಾರಿ ಹಿಡಿಯಿತು. ಅನುಭವಿಗಳನ್ನು ಬಿಟ್ಟುಕೊಟ್ಟು, 2011ರಿಂದ ಸತತ ಮೂರು ವರ್ಷ ನೂರಕ್ಕೂ ಹೆಚ್ಚು ಪಂದ್ಯ ಸೋತು, ಡ್ರಾಫ್ಟಿನಲ್ಲಿ ಮೇಲಿನ ಸರದಿ ಹಿಡಿದು 2017ರಲ್ಲಿ ಚಾಂಪಿಯನ್ ಆಯಿತು. ಆ ವರ್ಷ ಎದುರಾಳಿ ಕ್ಯಾಚರ್ ಸನ್ನೆಗಳನ್ನು ಕ್ಯಾಮೆರಾದಿಂದ ಕದ್ದಿದ್ದು ಆಮೇಲೆ ಬಯಲಾಯಿತು. ಕಳ್ಳತನ ಬೇರೆ ಮಾತು, ಸೋಲುವ ಯೋಜನೆಯೇ ತಪ್ಪು. 2013ರಲ್ಲಿ ಟಿಕೆಟ್ ಕೊಂಡ ಹ್ಯೂಸ್ಟನ್ ಅಭಿಮಾನಿ 111 ಸೋಲಿಗೆ ಹಣ ಕೊಟ್ಟ. ರಿಕಿ ಬೆಳೆಸುತ್ತಲೇ ಗೆಲ್ಲುತ್ತಿದ್ದ. ಆ ಆಸ್ಟ್ರೋಸ್ ತಂಡದ ಜೀವಾಳವಾಗಿದ್ದ ಹೊಸೆ ಅಲ್ಟುವೆ ಡ್ರಾಫ್ಟಿನಿಂದ ಬಂದವನೂ ಅಲ್ಲ. ವೆನೆಜುವೆಲಾದ ಆಯ್ಕೆ ಶಿಬಿರದಲ್ಲಿ ಕುಳ್ಳನೆಂದು ವಾಪಸು ಕಳಿಸಿದರೂ ಮರುದಿನ ಮತ್ತೆ ಬಂದು ನಿಂತ, 15,000 ಡಾಲರಿಗೆ ಸಹಿ ಹಾಕಿದ ಹುಡುಗ.

ಭಾರತದಿಂದಲೂ ಇಬ್ಬರು ಈ ಮೆಟ್ಟಿಲ ಬುಡಕ್ಕೆ ಹೋಗಿದ್ದರು. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಟಿ.ವಿ. ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದು 2008ರಲ್ಲಿ ಪೈರೇಟ್ಸ್ ಜೊತೆ ಸಹಿ ಹಾಕಿದರು. 2009ರಲ್ಲಿ ಅದೇ ಗಲ್ಫ್ ಕೋಸ್ಟ್ ಲೀಗಿನಲ್ಲಿ ಪಂದ್ಯ ಗೆದ್ದ ರಿಂಕು, ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಗೆಲುವು ಕಂಡ ಮೊದಲ ಭಾರತೀಯ ಪಿಚರ್ ಆದರು. ದಿನೇಶ್ ಎರಡು ವರ್ಷಕ್ಕೆ ಮರಳಿದರು. ರಿಂಕು ಸಿಂಗಲ್ ಎ ತನಕ ಹತ್ತಿದರು, ಆಮೇಲೆ ಗಾಯಗಳು ಅಡ್ಡ ಬಂದವು.

ಮೆಟ್ಟಿಲ ಬುಡದಲ್ಲಿ ಬದುಕು ಕಷ್ಟದ್ದು. 2018ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಸಣ್ಣ ಲೀಗಿನ ಆಟಗಾರರನ್ನು ಓವರ್‌ಟೈಮ್ ರಕ್ಷಣೆಯಿಂದ ಹೊರಗಿಟ್ಟಿತು. ಕೋಟ್ಯಂತರ ಡಾಲರ್ ವಹಿವಾಟಿನ ಆಟ ತನ್ನ ನಾಳಿನ ಆಟಗಾರರಿಗೆ ಹೊಟ್ಟೆಗೆ ಸಾಲದಷ್ಟು ಕೊಟ್ಟು ನಡೆಸುವುದು ನಾಚಿಕೆಗೇಡು. 2021ರಲ್ಲಿ ಫಾರ್ಮ್ ತಂಡಗಳನ್ನು 120ಕ್ಕೆ ಇಳಿಸಿದಾಗ 40ರಷ್ಟು ಊರುಗಳ ನಂಟು ಕಡಿಯಿತು. ಮರುವರ್ಷ ಹುಡುಗರು ಆಟಗಾರರ ಸಂಘ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಟ್ರಿಪಲ್ ಎ ಕನಿಷ್ಠ ವಾರ್ಷಿಕ ಸಂಬಳ 17,500 ಡಾಲರಿನಿಂದ 35,800ಕ್ಕೆ ಏರಿತು. 19 ದಾಟಿ ಸಹಿ ಹಾಕಿದವರನ್ನು ತಂಡ ಕೆಳಹಂತದಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಅವಧಿ ಏಳು ವರ್ಷದಿಂದ ಆರಕ್ಕೆ ಇಳಿಯಿತು.

ಹದಿನಾರಕ್ಕೇ ಸಹಿ ಹಾಕಿ ಡೊಮಿನಿಕನ್ ಸಮ್ಮರ್ ಲೀಗಿನಲ್ಲಿ ಆಡುವ ಹುಡುಗರು ಮಾತ್ರ ಈ ಒಪ್ಪಂದದ ಹೊರಗೇ ಉಳಿದರು. ಅವರಂಥವರಿಗೂ ಡ್ರಾಫ್ಟ್ ತರುವ ಲೀಗಿನ ಪ್ರಸ್ತಾಪವನ್ನು ಆಟಗಾರರ ಸಂಘ 2022ರ ಜುಲೈನಲ್ಲಿ ತಿರಸ್ಕರಿಸಿತ್ತು. ಆ ಮಾತು ಮತ್ತೆ ಮೇಜಿಗೆ ಬರಬಹುದು: 2022ರ ಮೇಜರ್ ಲೀಗ್ ಒಪ್ಪಂದದ ಗಡುವು 2026ರ ಡಿಸೆಂಬರ್ 1.