ಮೆಲ್ಲಗೆ ಓಡುವ ವಿದ್ಯೆ

ನಮ್ಮ ಕಡೆಯ ಊರುಗಳಲ್ಲಿ ತಲೆ ನರೆತವನೊಬ್ಬ ಬೀದಿಯಲ್ಲಿ ಓಡಿದರೆ ಕಂಡವರಿಗೆ ಮೊದಲು ಬರುವುದು ಗಾಬರಿ. ಕೋಲಾರದಲ್ಲಿ ನಾನು ಓಡತೊಡಗಿದ ಮೊದಲನೆಯ ದಿನ, ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಯಾಕೆ ಮೇಷ್ಟ್ರೇ, ಮನೇಲಿ ಎಲ್ಲಾ ಹುಷಾರಾಗಿದ್ದಾರಾ?" ಎಂದು ಕೂಗಿ ಕೇಳಿದರು. ಹುಷಾರಾಗಿದ್ದಾರೆ ಎನ್ನೋಣವೆಂದರೆ ನನ್ನಲ್ಲಿ ಉಸಿರಿರಲಿಲ್ಲ. ಕೈಯಾಡಿಸಿ ಮುಂದೆ ಹೋದೆ. ನೂರು ಗಜ ಹೋಗುವುದರೊಳಗೆ ಮೋರಿಯ ಕಟ್ಟೆಯ ಮೇಲೆ ಕುಳಿತೆ. ಅವರಿಗೆ ಎರಡು ಮಾತಿನ ಉತ್ತರ ಕೊಡಲಾಗದಿದ್ದುದೇ ನನ್ನ ತಪ್ಪಿನ ಗುರುತು ಎಂಬುದು ನನಗೆ ಅರ್ಥವಾದದ್ದು ಬಹುಕಾಲದ ಮೇಲೆ.

ಹಿಂದಿನವರಿಗೆ ಈ ಪಾಠ ಬೇಕಾಗಿರಲಿಲ್ಲ. ನಮ್ಮ ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿಯವರು ಛತ್ರಿ ಹಿಡಿದು ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದೆ. 1891ರ ಜೂನ್ 6ರಂದು ಹುಟ್ಟಿದ ಅವರು ತೀರಿಕೊಂಡದ್ದು 1986ರ ಅದೇ ಜೂನ್ 6ರಂದು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಿಂದ ಎಚ್. ನರಸಿಂಹಯ್ಯನವರು 1935ರಲ್ಲಿ ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದರು. ಅವರಿಗೆ ನಡಿಗೆ ವ್ಯಾಯಾಮವಲ್ಲ, ದಾರಿ. ನಮಗೋ ಮನೆಯ ಬಾಗಿಲಿನಲ್ಲಿ ಸ್ಕೂಟರು ನಿಂತಿರುತ್ತದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ವೈದ್ಯರು ರಕ್ತದ ಸಕ್ಕರೆಯ ಅಂಕಿಯನ್ನು ತೋರಿಸಿ ಹುಬ್ಬು ಗಂಟಿಕ್ಕಿದ ಮೇಲೆಯೇ ನನಗೆ ಕಾಲುಗಳಿರುವುದು ನೆನಪಾಯಿತು. ನಡಿಗೆ ಸಾಲದೇ ಎಂದು ಕೇಳುವವರುಂಟು. ಧಾರಾಳವಾಗಿ ಸಾಕು. ಆದರೆ ಹೊತ್ತು ಕಡಮೆ ಇರುವವರಿಗೆ ಓಟದಲ್ಲಿ ಅರ್ಧ ಗಂಟೆಗೆ ಹೆಚ್ಚು ಫಲ. ಅಲ್ಲದೆ, ಒಮ್ಮೆ ರುಚಿ ಹತ್ತಿದರೆ ಬಿಡದ ಸಂತೋಷವೊಂದು ಅದರಲ್ಲಿದೆ.

ಸಾಮಾನ್ಯ ಗೃಹಸ್ಥನೂ ಓಡಬಹುದು ಎಂಬ ವಿಚಾರ ಜಗತ್ತಿಗೇ ಬಹಳ ಹಳೆಯದಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ 1960ರ ರೋಮ್ ಒಲಿಂಪಿಕ್ಸಿಗೆ ಚಿನ್ನ ಗೆದ್ದ ಓಟಗಾರರನ್ನು ತಯಾರು ಮಾಡಿದವನು. ಅನಂತರ ಆತ ಆಕ್ಲೆಂಡಿನಲ್ಲಿ ಹೊಟ್ಟೆ ಬೆಳೆದ ವ್ಯಾಪಾರಿಗಳನ್ನೂ ಹೃದಯದ ಬೇನೆ ಕಂಡವರನ್ನೂ ಕಟ್ಟಿಕೊಂಡು ಮೆಲ್ಲಗೆ ಓಡಿಸತೊಡಗಿದ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್ಮನ್ 1962ರ ಕೊನೆಯಲ್ಲಿ ಅಲ್ಲಿಗೆ ಹೋಗಿ ಆ ಗುಂಪಿನೊಡನೆ ಓಡಿದಾಗ, ಹೃದಯಾಘಾತಗಳಿಂದ ಉಳಿದಿದ್ದ, ಎಪ್ಪತ್ತು ದಾಟಿದ ಮುದುಕರೊಬ್ಬರು ಅವನ ಜೊತೆಗಿದ್ದು ಮಾತಾಡಿಸುತ್ತ ಓಡಿದರಂತೆ; ಐವತ್ತರ ಆಸುಪಾಸಿನ ಬೋವರ್ಮನ್‌ಗೆ ಏದುಸಿರು. ಊರಿಗೆ ಮರಳಿದ ಆತ ಹೃದಯವೈದ್ಯರೊಬ್ಬರೊಡನೆ ಸೇರಿ 1967ರಲ್ಲಿ 'ಜಾಗಿಂಗ್' ಎಂಬ ಪುಸ್ತಕ ಬರೆದ. ಆ ಮುದುಕರ ಗುಟ್ಟು ಇಷ್ಟೇ: ಮಾತಾಡಲು ಸಾಧ್ಯವಾಗುವಷ್ಟು ವೇಗಕ್ಕಿಂತ ಹೆಚ್ಚು ಓಡಬಾರದು. ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಹೇಳಲಾಗದಿದ್ದರೆ ನೀವು ಹೊಸಬರ ವೇಗವನ್ನು ಮೀರಿದ್ದೀರಿ. ಡೇರಿಯ ಮುಂದಿನ ಹಿರಿಯರು ಅರಿಯದೆಯೇ ನನ್ನನ್ನು ಪರೀಕ್ಷೆ ಮಾಡಿದ್ದರು, ನಾನು ನಪಾಸಾಗಿದ್ದೆ.

ಈ ನಿಧಾನಕ್ಕೆ ಕಾರಣ ನಮ್ಮ ದೇಹದೊಳಗೇ ಇದೆ. ಓಟಕ್ಕೆ ತೊಡಗಿದರೆ ಹೃದಯವೂ ಉಸಿರೂ ಬೇಗ ಪಳಗುತ್ತವೆ. ರಕ್ತದ ದ್ರವಭಾಗ ಒಂದೆರಡು ವಾರಗಳಲ್ಲೇ ಹೆಚ್ಚುತ್ತದೆ. ತಿಂಗಳೊಪ್ಪತ್ತಿನಲ್ಲಿ ಹಿಂದಿನ ಏದುಸಿರು ಮಾಯವಾಗುತ್ತದೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳ ಲೆಕ್ಕ ಬೇರೆ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ಕಾಲಿಗೆ ಹಿಂತಿರುಗಿ ಕೊಡುವ ಪೆಟ್ಟು ದೇಹದ ತೂಕದ ಎರಡು ಮೂರು ಪಟ್ಟು. ಕಿಲೋಮೀಟರಿಗೆ ಸಾವಿರಕ್ಕೂ ಮೇಲೆ ಹೆಜ್ಜೆಗಳು ಬೀಳುತ್ತವೆ. ಈ ಹೊಸ ಹೊರೆಗೆ ಮೂಳೆ ತನ್ನನ್ನು ತಾನು ತಿದ್ದಿಕೊಳ್ಳುವ ಕ್ರಮ ವಿಚಿತ್ರವಾದದ್ದು: ಮೊದಲು ಹಳೆಯದನ್ನು ಕೊಂಚ ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆಯ ಗೋಡೆಯನ್ನು ಕೆಡವಿ ಕಟ್ಟುವ ಮನೆಯಂತೆ, ನಡುವೆ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಪೂರ್ಣ ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಹೀಗಾಗಿ ಉಸಿರು 'ಇನ್ನೂ ಓಡು' ಎನ್ನುವ ಹೊತ್ತಿನಲ್ಲೇ ಮೂಳೆ 'ತಾಳು' ಎನ್ನುತ್ತಿರುತ್ತದೆ. ಉಸಿರಿನ ಮಾತು ಕೇಳಿಸುತ್ತದೆ, ಮೂಳೆಯದು ಕೇಳಿಸುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ತಮ್ಮನ ಮಗನಿಂದ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಬೆಳಗಿನ ಐದು ಗಂಟೆಗೆ ಓಡುವ ಹುಡುಗರನ್ನು ನೀವು ಕಂಡಿರಬಹುದು. ಅವರು ಓಡುವುದು ಆರೋಗ್ಯಕ್ಕಲ್ಲ, ಅನ್ನಕ್ಕೆ. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನಾನೂರು ಮೀಟರಿನ ಸುತ್ತಿಗೆ ಸುಮಾರು 97 ಸೆಕೆಂಡು. ಹುಡುಗ ಲಿಖಿತ ಪರೀಕ್ಷೆಯ ಓದು ಮುಗಿಸಿ, ಇನ್ನು ಆರು ವಾರವಿದೆ ಎಂದಾಗ ಡಾಂಬರು ರಸ್ತೆಗಿಳಿದ. ದಿನವೂ ಓಡಿದ, ದಿನವೂ ಗಡಿಯಾರದ ಮೇಲೆ ಕಣ್ಣಿಟ್ಟು ಓಡಿದ. ನಾಲ್ಕನೆಯ ವಾರ ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಂದೇ ಜಾಗದಲ್ಲಿ ಚುಚ್ಚುವ ನೋವು. "ದೊಡ್ಡಪ್ಪಾ, ಎಣ್ಣೆ ಹಚ್ಚಿದರೆ ಹೋಗುತ್ತೆ ಬಿಡಿ" ಎಂದ. ನಾನೂ ಹೋಗಬಹುದೆಂದುಕೊಂಡೆ, ಇಬ್ಬರೂ ದಡ್ಡರೇ. ಐದನೆಯ ವಾರ ಕುಂಟತೊಡಗಿದ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಎಂದರು ವೈದ್ಯರು. ಆಯ್ಕೆಯ ದಿನ ಅವನು ಗೋಡೆಗೆ ಒರಗಿ ಕುಳಿತಿದ್ದ. ಅವನ ತಾಯಿ ಯಾರೊಡನೆಯೂ ಮಾತಾಡಲಿಲ್ಲ. ಸೋಮಾರಿಯಾಗಿದ್ದವನು ಸೋತಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಹಾಗಾದರೆ ಆರಂಭ ಹೇಗೆ? ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಐದು ನಿಮಿಷ ಚುರುಕಾದ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ಎರಡು ವಾರ ಇಷ್ಟೇ. ಮೂರು, ನಾಲ್ಕನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಅಲ್ಲಿಂದ ಎರಡೆರಡು ವಾರಕ್ಕೊಮ್ಮೆ ಓಟ ಮೂರು ನಿಮಿಷಕ್ಕೆ, ಐದಕ್ಕೆ, ಹತ್ತಕ್ಕೆ ಬೆಳೆಯಲಿ. ಹನ್ನೆರಡನೆಯ ವಾರದ ಹೊತ್ತಿಗೆ ಇಪ್ಪತ್ತೈದು ನಿಮಿಷ ನಿಲ್ಲದೆ ಓಡುವುದು ಹೆಚ್ಚಿನವರಿಗೆ ಸಾಧ್ಯ. ಒಂದು ವಾರ ಕಷ್ಟವಾಯಿತೆನ್ನಿ, ಅದೇ ವಾರವನ್ನು ಮತ್ತೆ ಮಾಡಿ. ಮೇಷ್ಟ್ರಾದ ನಾನು ಹೇಳುತ್ತೇನೆ, ಇಲ್ಲಿ ಅದೇ ತರಗತಿಯಲ್ಲಿ ಉಳಿಯುವುದು ಅವಮಾನವಲ್ಲ. ಇಂಥ ಕ್ರಮಗಳಲ್ಲಿ ಹೆಸರಾದ ಒಂದನ್ನು 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ತರುಣ ಐವತ್ತು ದಾಟಿದ ತನ್ನ ತಾಯಿಗಾಗಿ ರಚಿಸಿದ. ಅದು ಒಂಬತ್ತು ವಾರದ್ದು. ನಮ್ಮ ವಯಸ್ಸಿಗೆ ಮೂರು ವಾರ ಹೆಚ್ಚೇ ಇರಲಿ.

ನೆಲದ ವಿಷಯದಲ್ಲಿ ನಾವು ಭಾಗ್ಯವಂತರು. ಸಮುದ್ರಮಟ್ಟಕ್ಕಿಂತ ಎಂಟು ನೂರು ಮೀಟರಿಗೂ ಮೇಲಿರುವ ಈ ಬಯಲಿನಲ್ಲಿ ಏಪ್ರಿಲ್ಲಿನ ಮುಂಜಾವೂ ಹಿತವಾಗಿರುತ್ತದೆ. ನದಿಯಿಲ್ಲದ ನಾಡೆಂದು ಹಿರಿಯರು ಕಟ್ಟಿಸಿಟ್ಟ ಕೆರೆಗಳ ಮಣ್ಣಿನ ಏರಿಗಳು ಓಟಗಾರನಿಗೆ ಹೇಳಿ ಮಾಡಿಸಿದಂತಿವೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧೀಕರಿಸಿದ ನೀರು ಹರಿದು ಬಂದ ಮೇಲೆ ಎಷ್ಟೋ ಕಡೆ ಪಕ್ಕದಲ್ಲಿ ನೀರೂ ಇದೆ. ಆ ನೀರಿನ ಗುಣದ ಚರ್ಚೆ ಬೇರೆ. ಅಂತರಗಂಗೆಯ ಮೆಟ್ಟಿಲುಗಳ ಮೇಲೆ ಪೌರುಷ ತೋರಿಸುವುದನ್ನು ಮಾತ್ರ ಮೊದಲ ಮೂರು ತಿಂಗಳು ಬಿಡಿ. ಮಾಲೂರಿನವರು ಹೆಂಚು ಇಟ್ಟಿಗೆಗಳ ಲಾರಿಗಳು ಏಳುವ ಮೊದಲೇ ಓಡಿ ಮುಗಿಸಲಿ. ಮುಳಬಾಗಿಲಿನವರು ಹೆದ್ದಾರಿಯನ್ನು ಬಿಟ್ಟು ಕುರುಡುಮಲೆಯ ಕಡೆಯ ಹಳ್ಳಿದಾರಿ ಹಿಡಿಯಲಿ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಕೆಮ್ಮಣ್ಣಿನ ದಾರಿಯಂಥದು ನನಗೆ ಬೇರೆಲ್ಲೂ ಕಂಡಿಲ್ಲ. ಕೊಯ್ಲಿನ ಕಾಲದಲ್ಲಿ ಕಾವಲಿನ ನಾಯಿಗಳಿರುತ್ತವೆ, ಅಲ್ಲಿ ನಡೆಯುವುದೇ ವಿವೇಕ.

ಇನ್ನೊಂದು ಮಾತು ಈ ಸೀಮೆಗೇ ವಿಶೇಷವಾದದ್ದು. ನಮ್ಮ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳೂ ಬೆನ್ನೂ ಬಿಗಿಯುತ್ತವೆ. ಅಂಥವರು ಆ ನೋವನ್ನು ಓಟದ ನೋವೆಂದು ಭಾವಿಸಿ ಸಹಿಸಿಕೊಳ್ಳಬಾರದು. ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಲಿ. ಎದೆಯಲ್ಲಿ ಬಿಗಿತ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಬೇಕು. ಮಾಂಸಖಂಡಗಳೆಲ್ಲ ಹರಡಿ ನೊಂದರೆ ಎರಡು ದಿನದಲ್ಲಿ ಇಳಿಯುತ್ತದೆ. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನ ನೋವಾದರೆ ಓಟ ನಿಲ್ಲಿಸಿ. ಮುದ್ದೆ ಉಂಡ ಮೇಲೆ ಮೂರು ಗಂಟೆ ಓಡಬೇಡಿ. ಬೂಟು ದುಬಾರಿಯದಾಗಬೇಕಿಲ್ಲ, ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ.

ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಓಡುವುದು ಇನ್ನೂ ಸುಲಭವಾಗಿಲ್ಲ. ನಮ್ಮ ಬೀದಿಯ ಇಬ್ಬರು ಅಕ್ಕತಂಗಿಯರು ನನ್ನ ಹೆಂಡತಿಯನ್ನು ಕಾವಲಿಗೆ ಕರೆದುಕೊಂಡು ಹೋಗತೊಡಗಿದರು. ಏರಿಯ ಕಲ್ಲಿನ ಮೇಲೆ ಕುಳಿತು ಬೇಸರವಾಗಿ ಈಕೆಯೂ ನಡೆಯತೊಡಗಿದಳು. ಒಂದು ನಿಮಿಷದ ಓಟಕ್ಕೆ ಸೀರೆಯೇ ಅಡ್ಡಿ ಎಂದು ಕಳೆದ ತಿಂಗಳು ಚೂಡಿದಾರ ಹೊಲಿಸಿಕೊಂಡಿದ್ದಾಳೆ.

ಹುಡುಗನ ಮೂಳೆ ಕೂಡಿಕೊಂಡಿದೆ. ಮುಂದಿನ ಆಯ್ಕೆಗೆ ಅವನು ಈಗಲೇ ತೊಡಗಿದ್ದಾನೆ. ಗಡಿಯಾರವನ್ನು ನನ್ನ ಕೈಯಲ್ಲಿ ಕೊಟ್ಟಿದ್ದಾನೆ. ಈಗ ಐದನೆಯ ವಾರ: ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾವಿಬ್ಬರೂ ಅಕ್ಕಪಕ್ಕದಲ್ಲಿ ಓಡುವಾಗ ಡೇರಿಯ ಹಿರಿಯರು ಈಗಲೂ ಕೂಗಿ ಕೇಳುತ್ತಾರೆ. ಮನೆಯ ಕ್ಷೇಮಸಮಾಚಾರವನ್ನು ನಾನು ಸಾವಕಾಶವಾಗಿ, ಓಡುತ್ತಲೇ ಹೇಳುತ್ತೇನೆ.