ಇಂಗ್ಲಿಷ್ ಕ್ರಿಯಾಪದಕ್ಕೆ ಒಂದೇ ಬಾಲ



ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಮಕ್ಕಳು ಪಾಠ ಹಿಡಿದು ಬಂದಾಗ ‘ನಮಗೆ ಬಾರದು’ ಎಂದು ತಂದೆತಾಯಿಗಳು ಹಿಂದೆ ಸರಿದರೆ ಮಗು ಒಂಟಿಯಾಗುತ್ತದೆ. ವರ್ತಮಾನ ಕಾಲದ ಕ್ರಿಯಾಪದವನ್ನು ಕನ್ನಡ ಬಲ್ಲ ಯಾರಾದರೂ ಒಂದು ಸಂಜೆಯಲ್ಲಿ ತಿಳಿದುಕೊಳ್ಳಬಹುದು.

ಮೊದಲು ನಮ್ಮ ಮಾತನ್ನೇ ನೋಡಿರಿ. ಬೆಳೆಯುತ್ತೇನೆ, ಬೆಳೆಯುತ್ತೀಯೆ, ಬೆಳೆಯುತ್ತಾನೆ, ಬೆಳೆಯುತ್ತಾಳೆ, ಬೆಳೆಯುತ್ತದೆ, ಬೆಳೆಯುತ್ತಾರೆ. ಮಾಡುವವರು ಯಾರೆಂಬುದನ್ನು ಪದದ ಬಾಲವೇ ಹೇಳುತ್ತದೆ. ಆದುದರಿಂದ ‘ನಾನು’ ಎನ್ನದೆ ‘ನಾಳೆ ಬರುತ್ತೇನೆ’ ಎಂದರೂ ಸಾಕು. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ಇಂಥ ಹಲವು ಬಾಲಗಳಿದ್ದವು. ಅವು ಸವೆದು ಈಗ ‘ಎಸ್’ ಒಂದೇ ಉಳಿದಿದೆ. ಆದುದರಿಂದ ಅಲ್ಲಿ ಮಾಡುವವರನ್ನು ಮೊದಲೇ ಹೇಳಬೇಕಾಗುತ್ತದೆ.

‘ಗ್ರೋ’ ಎಂದರೆ ಬೆಳೆ.

ನಾನು – ಐ ಗ್ರೋ
ನಾವು – ವೀ ಗ್ರೋ
ನೀನು, ನೀವು – ಯೂ ಗ್ರೋ
ಅವರು, ಅವು – ದೇ ಗ್ರೋ
ಅವನು – ಹೀ ಗ್ರೋಸ್
ಅವಳು – ಶೀ ಗ್ರೋಸ್
ಅದು – ಇಟ್ ಗ್ರೋಸ್

ನಾಲ್ಕು ಕಡೆ ಎಚ್ಚರ ಬೇಕು.

1. ‘ಅಜ್ಜ ಅಡಿಕೆ ಬೆಳೆಯುತ್ತಾರೆ’ ಎಂದು ನಾವು ಗೌರವಕ್ಕಾಗಿ ಬಹುವಚನ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಅಜ್ಜ ಒಬ್ಬರೇ ಆದುದರಿಂದ ‘ಹೀ ಗ್ರೋಸ್’ ಎಂದೇ ಆಗಬೇಕು. ಇದರಲ್ಲಿ ಅಗೌರವವೇನೂ ಇಲ್ಲ. ನಮ್ಮ ಮಕ್ಕಳು ತಪ್ಪುವ ಜಾಗ ಇದೇ.

2. ‘ಎಸ್’ ನಾಮಪದಕ್ಕೆ ಹತ್ತಿದರೆ ಸಾಮಾನ್ಯವಾಗಿ ಬಹುವಚನ. ಕ್ರಿಯಾಪದಕ್ಕೆ ಹತ್ತಿದರೆ ಏಕವಚನ. ‘ಫಾರ್ಮರ್ಸ್ ಗ್ರೋ’ ಎಂದರೆ ಹಲವು ರೈತರು. ‘ದ ಫಾರ್ಮರ್ ಗ್ರೋಸ್’ ಎಂದರೆ ಒಬ್ಬ ರೈತ.

3. ‘ಇಲ್ಲ’ ಎನ್ನುವಾಗ ಬಾಲ ‘ಡಸ್’ ಎಂಬ ಪದಕ್ಕೆ ಹೋಗುತ್ತದೆ: ‘ಹೀ ಡಸ್ ನಾಟ್ ಗ್ರೋ’. ಇಲ್ಲಿ ಮತ್ತೆ ‘ಗ್ರೋಸ್’ ಎನ್ನಬಾರದು.

4. ‘ವೀ ವರ್ಕ್’ ಎಂದರೆ ದಿನಾಲು ಮಾಡುವ ಕೆಲಸ. ಈಗಲೇ ಕೆಲಸ ನಡೆದಿದ್ದರೆ ‘ವೀ ಆರ್ ವರ್ಕಿಂಗ್’. ‘ಮಾಡುತ್ತೇವೆ’, ‘ಮಾಡುತ್ತಿದ್ದೇವೆ’ ಎಂಬ ಭೇದವನ್ನು ನೆನೆದರೆ ಇದು ತಾನಾಗಿ ತಿಳಿಯುತ್ತದೆ.

‘ಇರು’ ಎಂಬರ್ಥದ ಪದ ಈ ಕ್ರಮಕ್ಕೆ ಒಗ್ಗದು: ಐ ಆಮ್, ಹೀ ಈಸ್, ವೀ ಆರ್. ‘ಹ್ಯಾವ್’ ಎಂಬುದು ಹೀ, ಶೀ, ಇಟ್‌ಗಳ ಜತೆ ‘ಹ್ಯಾಸ್’ ಆಗುತ್ತದೆ. ಇವನ್ನು ಬಾಯಿಪಾಠ ಮಾಡಿಸಿರಿ.

ಇಂದು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮಗುವಿನ ಜತೆ ಕುಳಿತುಕೊಳ್ಳಿರಿ. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆಂಬುದನ್ನು ನೀವು ಕನ್ನಡದಲ್ಲಿ ಹೇಳಿರಿ. ಮಗು ಇಂಗ್ಲಿಷಿನಲ್ಲಿ ಹೇಳಲಿ. ಬಾಲ ಸರಿಯಾಗಿದೆಯೇ ಎಂದು ಮೇಲಿನ ಪಟ್ಟಿಯನ್ನು ನೋಡಿ ಹೇಳುವ ಕೆಲಸ ನಿಮ್ಮದು.