ಕಿಡ್ನಿ ಕಲ್ಲಿನ ಸ್ಕ್ಯಾನಿನಲ್ಲಿ ಎಲುಬಿನ ಸುದ್ದಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ದವಾಖಾನೆಯ ದೊಡ್ಡ ಲಕೋಟೆಯೊಂದು ಬಿದ್ದಿರುತ್ತದೆ. ಕೆಮ್ಮಿಗೆಂದು ತೆಗೆಸಿದ ಎದೆಯ ಎಕ್ಸ್‌ರೇ, ಹೊಟ್ಟೆನೋವಿಗೆ ಮಿರಜಿಗೋ ಬೆಳಗಾವಿಗೋ ಹೋಗಿ ಮಾಡಿಸಿದ ಸಿ.ಟಿ. ಸ್ಕ್ಯಾನ್. ‘ಕಿಡ್ನಿಯಾಗ ಕಲ್ಲು ಐತಿ, ನೀರು ಜಾಸ್ತಿ ಕುಡೀರಿ’ ಎಂದು ಡಾಕ್ಟರು ಹೇಳಿದ ಮೇಲೆ ಅದನ್ನು ಯಾರೂ ಬಿಚ್ಚುವುದಿಲ್ಲ. ಆದರೆ ಕಲ್ಲು ತೋರಿಸಿದ ಆ ಚಿತ್ರದಲ್ಲೇ ಬೆನ್ನೆಲುಬೂ ಇದೆ.

ಎಲುಬು ಸವೆಯುವಾಗ ನೋಯುವುದಿಲ್ಲ. ಬೆನ್ನಿನ ಮಣಿ ಮುರಿದರೂ ಮೂವರಲ್ಲಿ ಇಬ್ಬರಿಗೆ ಅದು ಮುರಿತವೆಂದೇ ತಿಳಿಯುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರು, ಅಥಣಿಯಲ್ಲಿ ಚಪ್ಪಲಿ ಮಾಡುವವರು, ಕಬ್ಬಿನ ಹೊಲದಲ್ಲಿ ದಿನವಿಡೀ ಬಗ್ಗುವವರು ನಡನೋವನ್ನು ಕೆಲಸದ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಆಯಿ ಬಾಗಿದರೆ ವಯಸ್ಸಾಯಿತು ಎನ್ನುತ್ತೇವೆ. ಹೀಗೆ ಸುಮ್ಮನಿರುವುದು ತಪ್ಪು.

ಪಕ್ಕದಿಂದ ತೆಗೆದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ಮಣಿಗಳು ಒಂದರ ಮೇಲೊಂದು ಇಟ್ಟ ಬೆಲ್ಲದ ಪೆಂಟಿಗಳಂತೆ ಕಾಣುತ್ತವೆ. ಸವೆದ ಮಣಿಯ ಮುಂಭಾಗ ಭಾರಕ್ಕೆ ಕುಸಿದು, ಹಿಂಭಾಗ ಮಾತ್ರ ಎತ್ತರ ಉಳಿದಿರುತ್ತದೆ. ಎತ್ತರ ಶೇ. 20ಕ್ಕಿಂತ ಹೆಚ್ಚು ತಗ್ಗಿದ್ದರೆ ಅದನ್ನು ಮುರಿತವೆಂದೇ ಎಣಿಸುತ್ತಾರೆ. ಕ್ಷಯ, ಕ್ಯಾನ್ಸರ್‌ಗಳಿಂದಲೂ ಮಣಿ ಕುಸಿಯಬಹುದಾದ್ದರಿಂದ ಕಾರಣವನ್ನು ಡಾಕ್ಟರೇ ಹೇಳಬೇಕು. ಇನ್ನು ಎಲುಬು ಬರೀ ತೆಳುವಾಗಿದ್ದರೆ, ಸುಮಾರು ಮೂರನೇ ಒಂದು ಪಾಲು ಸುಣ್ಣ ಹೋಗುವವರೆಗೂ ಎಕ್ಸ್‌ರೇಯಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ತೊಡೆ ಎಲುಬಿನ ಮೇಲ್ತುದಿಯ ಗೆರೆಗಳು ಮಾಯವಾಗುವ ಕ್ರಮ ನೋಡಿ ಸವೆತ ಅಳೆಯುವ ‘ಸಿಂಗ್ ಸೂಚ್ಯಂಕ’ವನ್ನು 1970ರಲ್ಲಿ ಕೊಟ್ಟವರು ನಮ್ಮ ಭಾರತದ ವೈದ್ಯರೇ.

ಸಿ.ಟಿ.ಯಲ್ಲಿ ಅಂದಾಜಿನ ಜಾಗಕ್ಕೆ ಅಂಕಿ ಬರುತ್ತದೆ. ಯಂತ್ರ ದೇಹದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಕೊಡುತ್ತದೆ: ನೀರಿಗೆ 0, ಗಾಳಿಗೆ ಮೈನಸ್ 1000. ಇದಕ್ಕೆ ಹೌನ್ಸ್‌ಫೀಲ್ಡ್ ಅಂಕ ಎನ್ನುತ್ತಾರೆ. ಪಕ್ಕೆಲುಬಿನ ಸಾಲು ಮುಗಿದ ಮೇಲೆ ಬರುವ ಸೊಂಟದ ಮೊದಲ ಮಣಿ ಎದೆಯ ಸ್ಕ್ಯಾನಿನಲ್ಲೂ ಹೊಟ್ಟೆಯ ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಸಿಗುತ್ತದೆ. ರೇಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಆ ಮಣಿಯ ಒಳಗಿನ ಜೇನುಗೂಡಿನಂಥ ಭಾಗಕ್ಕೆ ಒಂದು ಸುತ್ತು ಹಾಕಿದರೆ ಸರಾಸರಿ ಅಂಕ ಬರುತ್ತದೆ. ಒಂದು ನಿಮಿಷದ ಕೆಲಸ. 160ಕ್ಕಿಂತ ಹೆಚ್ಚಿದ್ದರೆ ಸವೆತದ ಸಾಧ್ಯತೆ ಕಡಿಮೆ. 110ಕ್ಕಿಂತ ಕೆಳಗಿದ್ದರೆ ಅನುಮಾನ ಬಲವಾಗುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಗಡಿಗಳಿವು. ಕುಸಿದ ಮಣಿಯನ್ನು ಮಾತ್ರ ಅಳೆಯಬಾರದು, ಒತ್ತಿ ಗಟ್ಟಿಯಾಗಿ ಅದು ಸುಳ್ಳು ಅಂಕ ತೋರಿಸುತ್ತದೆ. ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆದ ಸ್ಕ್ಯಾನಿನಲ್ಲೂ ಅಂಕ ತುಸು ಏರುತ್ತದೆ.

ಇಷ್ಟು ಗೊತ್ತಿದ್ದರೂ ರಿಪೋರ್ಟಿನಲ್ಲಿ ಎಲುಬಿನ ಮಾತು ಬರುವುದು ಅಪರೂಪ. ಕೇಳಿದ್ದು ಕಲ್ಲು, ಬರೆದದ್ದು ಕಲ್ಲು.

ಎಲುಬು ನೋಡಲಿಕ್ಕೆಂದೇ ಸಿ.ಟಿ. ಮಾಡಿಸಬೇಡಿ, ಅದರ ವಿಕಿರಣ ಹೆಚ್ಚು. ಹಳೆಯ ಚಿತ್ರದಲ್ಲಿ ಅನುಮಾನ ಬಂದರೆ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಇದೆ, ಅದರ ವಿಕಿರಣ ತೀರ ಕಡಿಮೆ. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಸವೆತವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿದೆ. ಔಷಧಿಯೂ ಇದೆ: ವಾರಕ್ಕೊಂದು ಗುಳಿಗೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್, ಡಾಕ್ಟರು ನೋಡಿ ಕೊಡುವಂಥದ್ದು.

ಮುಟ್ಟು ನಿಂತ ಅವ್ವ, ಎತ್ತರ ಕುಗ್ಗಿದ ಆಯಿ, ವರ್ಷಗಟ್ಟಲೆ ಸ್ಟೀರಾಯ್ಡ್ ಗುಳಿಗೆ ನುಂಗಿದ ಅಜ್ಜ ಮನೆಯಲ್ಲಿದ್ದರೆ ಮುಂದಿನ ಸಲ ದವಾಖಾನೆಗೆ ಹೋಗುವಾಗ ಆ ಲಕೋಟೆಯನ್ನೂ ಸಿ.ಡಿ.ಯನ್ನೂ ಜೊತೆಗೆ ಒಯ್ಯಿರಿ. ‘ಸಾಹೇಬ್ರ, ಇದರಾಗ ಎಲುಬು ಹೆಂಗದಾವ, ಒಂದೀಟು ನೋಡಿ ಹೇಳ್ರಿ’ ಎಂದು ಕೇಳಿ.